ಶೋಲಕಿಳಿ: ಮೊದಲು ಪಕ್ಕೆ ನೋಡಿ

ಪಶ್ಚಿಮ ಘಟ್ಟದ ಎತ್ತರದ ಕಣಿವೆಗಳ ನಿತ್ಯಹರಿದ್ವರ್ಣ ಕಾಡಾದ ಶೋಲಾದ ನಸುಗತ್ತಲಲ್ಲಿ, ತರಗೆಲೆಯ ಮೇಲೆ ಉದ್ದ ಕಾಲಿನ ನೀಲಿ ಹಕ್ಕಿ ಶೋಲಕಿಳಿಯೊಂದು ಕುಪ್ಪಳಿಸಿದರೆ ಬೆನ್ನಿನ ಬಣ್ಣಕ್ಕೆ ಮರುಳಾಗಬೇಡಿ. ನಾನು ದುರ್ಬೀನನ್ನು ನೇರವಾಗಿ ರೆಕ್ಕೆಯ ಕೆಳಗಿನ ಪಕ್ಕೆಗೆ ಹಿಡಿಯುತ್ತೇನೆ. ಅಲ್ಲಿ ಇಟ್ಟಿಗೆಗೆಂಪು ಇದ್ದರೆ ನೀಲಗಿರಿ ಶೋಲಕಿಳಿ; ಬೂದುನೀಲಿ ಇದ್ದರೆ ಬಿಳಿಹೊಟ್ಟೆಯ ಶೋಲಕಿಳಿ. ಹೊಟ್ಟೆಯ ನಡುವಿನ ಬಿಳುಪು ಎರಡಕ್ಕೂ ಇದೆ, ಹೆಸರು ನಂಬಿ ಮೋಸಹೋಗಬೇಡಿ.

ಮಬ್ಬಿನಲ್ಲಿ ಪಕ್ಕೆ ಕಾಣದಿದ್ದರೆ ನಿಂತ ಜಾಗವೇ ಸಾಕ್ಷಿ. ಘಟ್ಟಸಾಲು ತುಂಡಾಗುವ ಪಾಲಕ್ಕಾಡ್ ಕಂಡಿಯ ಉತ್ತರಕ್ಕೆ, ನೀಲಗಿರಿ ಮತ್ತು ಕರ್ನಾಟಕದ ದಕ್ಷಿಣ ಘಟ್ಟಗಳಲ್ಲಿ, ಮೊದಲನೆಯದು, ದಕ್ಷಿಣಕ್ಕೆ ಎರಡನೆಯದು. ಇನ್ನೂ ದಕ್ಷಿಣದ ಚೆಂಗೋಟೆ ಕಂಡಿಯನ್ನೂ ದಾಟಿದರೆ, ಘಟ್ಟದ ದಕ್ಷಿಣ ತುದಿಯ ಆಶಾಂಬು ಬೆಟ್ಟಗಳ ಶೋಲಕಿಳಿ. 2017ರಲ್ಲಿ ಹೆಸರು ಪಡೆದ ಇದನ್ನು ಪ್ರಭೇದವೆನ್ನುವವರೂ ಇದ್ದಾರೆ, ಉಪಪ್ರಭೇದವೆನ್ನುವವರೂ ಇದ್ದಾರೆ. ಟಿಪ್ಪಣಿಯಲ್ಲಿ ಬೆಟ್ಟದ ಹೆಸರನ್ನೇ ಬರೆಯದವರು ಈ ಚರ್ಚೆಗೆ ಇಳಿದರೆ ನಾನು ಎದ್ದು ಹೋಗುತ್ತೇನೆ.