ಅಕ್ಕಿ ಕಿಟ್ ಬಿಟ್ಟು ಒಣಮೀನಿಗೆ ದುಡ್ಡು ಕೊಟ್ಟ ಕತೆ – ನನ್ನ ಅನುಭವ

ಮೊದಲೇ ಹೇಳ್ಬಿಡ್ತೀನಿ, ಇಗರ್ಜಿ (ಚರ್ಚ್) ಕಡೆಯಿಂದ ಬಡ್ಡಿ ಇಲ್ಲದ ಸಾಲ ಕೊಡೋದು ನಾನು ಕಂಡುಹಿಡಿದಿದ್ದೇನಲ್ಲ, ಎಷ್ಟೋ ಜನ ಮಾಡಿ ಕೈ ಸುಟ್ಕೊಂಡಿದ್ದಾರೆ, ನಾನೂ ಸುಟ್ಕೊಂಡೆ. ಆದ್ರೆ 2025ರಲ್ಲಿ 22 ಹೆಂಗಸರಿಗೆ ಒಣಮೀನು ಮಾಡಿ ಮಾರೋಕೆ ಆರಾರು ಸಾವಿರ ಕೊಟ್ಟು, ಕ್ರಿಸ್ಮಸ್ ಹೊತ್ತಿಗೆ ಬಾಕಿ ಉಳಿದಿದ್ದು ನಾಲ್ಕು ಸಾವಿರ ಚಿಲ್ರೆ ಮಾತ್ರ. ಬಡವರಿಗೆ ನೆರವು ಕೊಡೋ ನಮ್ಮ ಇಗರ್ಜಿ ಸಭೇಲಿ "ಇದು ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗೆ" ಅಂದವರೇ ಈಗ ಲೆಕ್ಕದ ಪುಸ್ತಕ ತೋರ್ಸು ಅಂತಾರೆ. ತೋರಿಸ್ತೀನಿ, ಸ್ವಲ್ಪ ಕಾಯ್ಲಿ.

ಮೊದಲು ನಾವು ಮಾಡ್ತಿದ್ದಿದ್ದು ಎಲ್ಲರೂ ಮಾಡೋದೇ. ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಮನೆಮನೆಗೆ ಕಾಣಿಕೆ ಡಬ್ಬಿ, ಈಸ್ಟರ್ ಆದ್ಮೇಲೆ ಎಣಿಸಿ ಬ್ಯಾಂಕಿಗೆ, ಜೂನ್ 1ಕ್ಕೆ ಮೀನುಗಾರಿಕೆ ಬಂದ್ ಆದ್ಮೇಲೆ ಅಕ್ಕಿ, ಬೇಳೆ, ಎಣ್ಣೆ ಕಿಟ್. 61 ದಿನದ ಬಂದ್‌ಗೆ ಒಂದು ಕಿಟ್ ಹತ್ತು ದಿನಾನೂ ಬರೋದಿಲ್ಲ. ಆಮೇಲೆ ಆ ಹೆಂಗಸರು ಹೋಗೋದು ದಿನಬಡ್ಡಿಯವನ ಹತ್ರ. ಐದು ಸಾವಿರ ಅಂತ ಬರ್ಕೊಂಡು ಕೈಗೆ ಕೊಡೋದು ನಾಲ್ಕೂವರೆ, ದಿನಕ್ಕೆ ನೂರರ ಹಾಗೆ 50 ದಿನ. ಮೀನು ಸಿಗ್ಲಿ ಬಿಡ್ಲಿ, ಅವನ ಬೈಕ್ ಮಾತ್ರ ಬಂದೇ ಬರ್ತದೆ.

2022ರಲ್ಲಿ ಡಬ್ಬಿ ದುಡ್ಡು 38 ಸಾವಿರ ಇರ್ಬೇಕು, ಕಿಟ್ ಬದಲು ಅಂಕೋಲಾ ತಾಲೂಕಿನ ಹಾರವಾಡ, ಬೇಲೆಕೇರಿ ಕಡೆಯ 12 ಜನರಿಗೆ ಜೂನ್‌ನಲ್ಲಿ ಮೂರ್ಮೂರು ಸಾವಿರ ಸಾಲ ಕೊಟ್ಟೆ. ವಾಪಸ್ ಬಂದಿದ್ದು 12 ಸಾವಿರದ ಆಸುಪಾಸು. ಪೂರ್ತಿ ತೀರಿಸಿದವರು ಮೂರೇ ಜನ. ಸಭೇಲಿ ಒಬ್ರು ಹಿರಿಯರು ಬೈಬಲಿನ ಲೂಕ 6:35 ತೆಗೆದು, ವಾಪಸ್ ಬರ್ತದೆ ಅಂತ ಆಸೆ ಇಟ್ಕೊಳ್ಳದೆ ಸಾಲ ಕೊಡಿ ಅಂತ ಇದೆಯಲ್ಲ ಮಾರಾಯ, ಮತ್ತೆಂತಕ್ಕೆ ಬೇಜಾರು ಅಂತ ನಕ್ರು. ನಂಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಕೆಟ್ತು ಅಂತ ತಿಳಿದಿದ್ದು ಹಾರವಾಡದ ಒಬ್ಬ ಅಜ್ಜಿಯಿಂದ. ಇಬ್ಬಿಬ್ರಾಗಿ ಮನೆ ಭೇಟಿಗೆ ಹೋಗೋ ಪದ್ಧತಿ ನಿಮಗೆ ಗೊತ್ತೇ ಇದೆ, 1833ರಲ್ಲಿ ಪ್ಯಾರಿಸಿನಲ್ಲಿ ಒಝನಾಮ್ ಮತ್ತೆ ಗೆಳೆಯರು ಬಡವರ ನೆರವಿಗೆ ಶುರು ಮಾಡಿದ ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಕಾಲದಿಂದ ಬಂದಿದ್ದು, ಹಂಗೇ ಹೋಗಿದ್ವಿ. ಅಜ್ಜಿ ಅಂಗಳದಲ್ಲಿ ಕೂತು ಬಂಗಡೆಯ ಬೆನ್ನು ಸೀಳಿ, ಕರುಳು ತೆಗೆದು, ಹೆಬ್ಬೆರಳಲ್ಲಿ ಉಪ್ಪು ಒತ್ತುತ್ತಾ ಇತ್ತು. ಬಡ್ಡಿ ಎಷ್ಟು ತಮಾ ಅಂತು. ಬಡ್ಡಿ ಇಲ್ಲಜ್ಜಿ ಅಂದೆ. "ಬಡ್ಡಿ ಇಲ್ಲ ಅಂದ್ರೆ ಅದು ಧರ್ಮದ ದುಡ್ಡು, ಧರ್ಮದ ದುಡ್ಡು ಯಾರಾದ್ರೂ ವಾಪಸ್ ಕೊಡ್ತಾರನಾ? ಅದೂ ಮಳೆಗಾಲದಲ್ಲಿ ಕೊಟ್ರೆ ಹೊಟ್ಟೆಗೇ ಹೋಗ್ತದೆ. ಮೀನು ಇದ್ದಾಗ ಕೊಡು." ಅಷ್ಟೇ ಮಾತು, ನನ್ನ ಲೆಕ್ಕ ಪೂರ್ತಿ ತಿರುಗಿಹೋಯ್ತು.

2023ರಲ್ಲಿ ಈಸ್ಟರ್ ಏಪ್ರಿಲ್ 9ಕ್ಕೆ. ಬ್ಯಾಂಕಿಗೆ ಹಾಕೋ ಬದಲು ಮರುವಾರವೇ ಐದು ಜನರಿಗೆ ಐದೈದು ಸಾವಿರ ಕೊಟ್ಟೆ. ಬಂದರಲ್ಲಿ ಬಂಗಡೆ, ತಾರ್ಲೆ (ಬೂತಾಯಿ) ಅಗ್ಗ ಆದ ದಿನ ಹರಾಜಿನಲ್ಲಿ ಹಿಡೀಬೇಕು, ಗೋಕರ್ಣ ಹತ್ರದ ಸಾಣಿಕಟ್ಟಾ ಉಪ್ಪು ಹಾಕಿ ಒಣಗಿಸ್ಬೇಕು, ಜೂನ್-ಜುಲೈನಲ್ಲಿ ಮಾರ್ಬೇಕು. ಎರಡೂವರೆ ಮೂರು ಕಿಲೋ ಹಸಿ ಮೀನಿಗೆ ಒಂದು ಕಿಲೋ ಒಣಮೀನು, ಆದ್ರೂ ಬಂದ್ ಟೈಮಲ್ಲಿ ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳ ಕಡೆ ರೇಟು ಹೆಚ್ಚುಕಮ್ಮಿ ಡಬಲ್. ಇಬ್ಬರ ಮಾಲು ಮೇ ತಿಂಗಳ ಅಡ್ಡಮಳೆಗೆ ನೆನೆದು ಬೂಸಲು ಹಿಡೀತು, ಕೋಳಿ ಫೀಡಿನವನಿಗೆ ಮಣ್ಣಿನ ರೇಟಿಗೆ ಹೋಯ್ತು. ಅಷ್ಟಾದ್ರೂ 23 ಸಾವಿರ ಬಂತು.

ಇನ್ನೊಂದು ಬದಲಾವಣೆ, ವಾಪಸ್ ದುಡ್ಡು ನಾವು ಮುಟ್ಟೋದಿಲ್ಲ. ಆಗಸ್ಟಲ್ಲಿ ಬೋಟು ಇಳಿದಾಗ ಹಸಿ ಮೀನು ಹಿಡಿಯೋಕೆ ಬಂಡವಾಳ ಬೇಕಾದವಳು ಯಾರು ಅಂತ ಏಪ್ರಿಲಲ್ಲೇ ಹೇಳಿರ್ತೀವಿ, ಏಪ್ರಿಲಲ್ಲಿ ದುಡ್ಡು ತಗೊಂಡವಳು ಅವಳ ಮನೆಗೇ ಹೋಗಿ ಕೊಡ್ಬೇಕು, ಪುಸ್ತಕದಲ್ಲಿ ಇಬ್ಬರ ಹೆಬ್ಬೆಟ್ಟು. ಇಗರ್ಜಿ ದುಡ್ಡು ಮರೀಬಹುದು, ಪಕ್ಕದ ಮನೆಯವಳ ದುಡ್ಡು ಮರೆಯೋಕಾಗೋದಿಲ್ಲ. ಯಾರಿಗೆ ಯಾರನ್ನ ಜೋಡಿ ಹಾಕ್ತೀನಿ ಅನ್ನೋದು ಮಾತ್ರ ಇಲ್ಲಿ ಬರಿಯಲ್ಲ, ಅದಕ್ಕೆ ಮೂರು ವರ್ಷ ಮನೆಮನೆ ಚಾ ಕುಡಿದಿದ್ದೀನಿ.

ಮಧ್ಯೆ ನನ್ನ ತಲೆಹರಟೆನೂ ನಡೀತು. ಗಾಜು ಹಾಕಿದ ಪೆಟ್ಟಿಗೇಲಿ ಬಿಸಿಲಿಗಿಟ್ಟು ಒಣಗಿಸೋಣ ಅಂತ ಎರಡೂವರೆ ಸಾವಿರ ಸ್ವಂತ ದುಡ್ಡು ಖರ್ಚು ಮಾಡಿದೆ, ಮೀನು ಒಣಗಲಿಲ್ಲ, ಬೆಂದುಹೋಯ್ತು. ಹೆಂಡತಿ ಆ ಪೆಟ್ಟಿಗೇಲಿ ಈಗ ಹಪ್ಪಳ ಒಣಗಿಸ್ತಾಳೆ. ಆದ್ರೆ ಬಿದಿರಿನ ಅಟ್ಟಣಿಗೆ ಮೇಲೆ ಹಳೇ ಬಲೆ ಹಾಸಿದ್ದು ಗೆದ್ತು. ಮರಳು ಹತ್ತೋದಿಲ್ಲ, ಕಿಲೋಗೆ 30-40 ರೂಪಾಯಿ ಜಾಸ್ತಿ. ಕಾಗೆಗೆ ಮೇಲಿಂದ ಇನ್ನೊಂದು ಬಲೆ. ಬೆಕ್ಕಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ.

2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಬಂತು, ಒಣಗಿಸೋಕೆ ಟೈಮ್ ಜಾಸ್ತಿ ಸಿಕ್ತು, 14 ಜನರಿಗೆ 70 ಸಾವಿರ ಹಾಕಿದ್ವಿ. ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸೀತು. ಹೆದ್ದಾರಿ ಬಂದ್, ಕುಮಟಾ ಕಡೆ ಮಾರೋ ನಾಲ್ಕು ಜನರ ಮಾಲು ಮನೇಲೇ. ಜೀವ ಹೋದವರ ಮುಂದೆ ನಮ್ಮ ಒಣಮೀನು ಯಾವ ಲೆಕ್ಕ, ಆ ತಿಂಗಳು ಯಾರನ್ನೂ ಕೇಳಲಿಲ್ಲ. ಆಮೇಲೆ ಅವರೇ ಕಾರವಾರದ ರವಿವಾರದ ಸಂತೇಲಿ ಕೂತು ಮಾರಿ ತೀರಿಸಿದ್ರು, 66 ಸಾವಿರ ಬಂತು.

ಈ 22 ಹೆಂಗಸರಲ್ಲಿ ನಮ್ಮ ಇಗರ್ಜಿಯವರು ಏಳು ಜನ, ಉಳಿದವರು ಖಾರ್ವಿ, ಹರಿಕಂತ್ರ ಅನ್ನೋ ಮೀನುಗಾರ ಜಾತಿಯವರು. ನಮ್ಮವರಿಗೆ ಮಾತ್ರ ಕೊಡಿ ಅಂತ ಒಂದು ಕಡೆ ಜಗಳ, ಮತಾಂತರ ಅಂತ ಕೇಸ್ ಆಗ್ತದೆ ಅಂತ ಇನ್ನೊಂದು ಕಡೆ ಹೆದರಿಕೆ. ಪುಸ್ತಕದ ಮೇಲೆ ಶಿಲುಬೆ ಇಲ್ಲ, ದುಡ್ಡು ಕೊಡುವಾಗ ಪ್ರಾರ್ಥನೆ ಇಲ್ಲ, ಫೋಟೋ ಅಂತೂ ಇಲ್ವೇ ಇಲ್ಲ. ಯೇಸು ಹೇಳಿದ ಸಮಾರ್ಯದವನ ಕತೇಲಿ ಗಾಯ ಆದವನ ಜಾತಿ ಯಾರು ಕೇಳಿದ್ರು ಅಂತ ಒಂದ್ಸಲ ರೇಗಿದೆ, ಆಮೇಲೆ ಆ ಮಾತು ಬರಲಿಲ್ಲ. ಹಾಸಿಗೆ ಹಿಡಿದವರಿಗೆ ಅಕ್ಕಿ ಈಗಲೂ ಕೊಡ್ತೀವಿ, ಅದಕ್ಕೆ ಬೇರೆ ಡಬ್ಬಿ.

2026ರ ಈಸ್ಟರ್ ಏಪ್ರಿಲ್ 5ಕ್ಕೆ. ಉಪ್ಪಿಗೆ ಈಗಲೇ ಹೇಳಿಟ್ಟಿದ್ದೀನಿ, ಹತ್ತು ಚೀಲ. ಅಜ್ಜಿಗೆ ಈ ಸಲ ಕಣ್ಣು ಮಂಜು, ಮೀನು ಸೀಳೋಕಾಗೋದಿಲ್ಲ, ಅದರ ಹೆಸರಲ್ಲಿ ಸೊಸೆ ತಗೋತಾಳಂತೆ.