ಪೋಷಣಾ ವಿಜ್ಞಾನದ ತರಗತಿ ಮತ್ತು ಹಳೆಯ ಲೆಕ್ಕ

ಕೆನಡಾದ ವಿನ್ನಿಪೆಗ್‌ನ ವಿಶ್ವವಿದ್ಯಾಲಯವೊಂದರಲ್ಲಿ ನಾನು ಪೋಷಣಾ ವಿಜ್ಞಾನ ಕಲಿಸುತ್ತೇನೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಟ್ಟಿದ್ದ ವಸತಿ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ಕ್ರಮಕ್ಕೆಂದು ಕೊಟ್ಟ 94 ಕರೆಗಳಲ್ಲಿ 24ನೆಯದು, ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಮೂಲನಿವಾಸಿಗಳ ಆರೋಗ್ಯ ಹಾಗೂ ವಸತಿ ಶಾಲೆಗಳ ಇತಿಹಾಸವನ್ನು ಓದಲೇಬೇಕೆನ್ನುತ್ತದೆ. ನಮ್ಮ ವಿಷಯದ ಹೆಸರು ಅಲ್ಲಿಲ್ಲ. ಆದರೆ ಮಸಿ ನಮ್ಮ ಕೈಗೂ ಹತ್ತಿದೆ.

1942ರಲ್ಲಿ ಉತ್ತರ ಮನಿಟೋಬಾದಲ್ಲಿರುವ, ಕ್ರೀ ಎಂಬ ಮೂಲನಿವಾಸಿ ಜನರ ಊರುಗಳಿಗೆ ಹೋದ ತಜ್ಞರು ಜನರ ಹಸಿವನ್ನು ಕಣ್ಣಾರೆ ಕಂಡರು. ಕಂಡೂ, ನಾರ್ವೇ ಹೌಸ್ ಎಂಬ ಊರಿನ 300 ಜನರಲ್ಲಿ 125 ಮಂದಿಗೆ ಮಾತ್ರ ವಿಟಮಿನ್ ಕೊಟ್ಟು ಉಳಿದವರನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟರು. 1948ರಿಂದ ಆರು ವಸತಿ ಶಾಲೆಗಳ ಸುಮಾರು ಸಾವಿರ ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಅವುಗಳಲ್ಲೊಂದಾದ ಅಲ್ಬರ್ನಿ ಶಾಲೆಯ ಮಕ್ಕಳಿಗೆ ಎರಡು ವರ್ಷ ಬೇಕಾದ ಹಾಲಿನ ಅರ್ಧದಷ್ಟೂ ಸಿಗಲಿಲ್ಲ. ಆಮೇಲೆ ಹಾಲು ಹೆಚ್ಚಿಸಿ ವ್ಯತ್ಯಾಸ ಅಳೆದರು. ಒಸಡಿನ ಸ್ಥಿತಿ ಅಳತೆಗೋಲಾಗಿದ್ದರಿಂದ ಹಲ್ಲಿನ ಚಿಕಿತ್ಸೆಯನ್ನೂ ತಡೆಹಿಡಿದರು. ಇದರ ಮೇಲ್ವಿಚಾರಕ ಲಯೋನೆಲ್ ಪೆಟ್, ಕೆನಡಾದ ಮೊದಲ ಆಹಾರ ಮಾರ್ಗಸೂಚಿ ರೂಪಿಸಿದವರಲ್ಲಿ ಪ್ರಮುಖರು. ಇತಿಹಾಸಕಾರ ಇಯಾನ್ ಮೊಸ್ಬಿ 2013ರಲ್ಲಿ ಪ್ರಕಟಿಸಿದ ಮೇಲೆಯೇ ಇದು ದೇಶಕ್ಕೆಲ್ಲ ತಿಳಿದದ್ದು.

ಮಾರ್ಗಸೂಚಿ ಕಲಿಸುವ ದಿನವೇ ನಾನು ಇದನ್ನೂ ಕಲಿಸುತ್ತೇನೆ, ಕೊನೆಯ ವಾರದ ವಿಶೇಷ ಉಪನ್ಯಾಸಕ್ಕೆ ತಳ್ಳುವುದಿಲ್ಲ. ಪರೀಕ್ಷೆಯಲ್ಲೂ ಕೇಳುತ್ತೇನೆ. ಪರೀಕ್ಷೆಗೆ ಬಾರದ್ದನ್ನು ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂಬುದು ಮೇಷ್ಟರುಗಳಿಗೆಲ್ಲ ಗೊತ್ತು.

ಮೂಸ್ ಮಾಂಸ, ಸರೋವರದ ಮೀನು, ಸಸ್ಕಾಟೂನ್ ಹಣ್ಣು ಇವುಗಳ ಪಾಠವನ್ನು ಕ್ರೀ ಹಿರಿಯರೊಬ್ಬರು ಮಾಡುತ್ತಾರೆ. ಪಾಠ ಮಾಡಿರೆಂದು ಕೇಳಿಕೊಳ್ಳಲು ಹೋಗುವಾಗ, ಅವರ ರೂಢಿಯಂತೆ, ಹೊಗೆಸೊಪ್ಪು ಒಪ್ಪಿಸಬೇಕು. ಎಲೆಅಡಿಕೆ ಇಟ್ಟು ಕರೆಯುವ ಊರಿನಿಂದ ಬಂದ ನನಗೆ ಅದು ಹೊಸದೆನಿಸಲಿಲ್ಲ. ತೊಡಕಾದದ್ದು ಹಣಕಾಸು ವಿಭಾಗದಲ್ಲಿ. ಹಿರಿಯರು ಸರಬರಾಜುದಾರರೆಂದು ನೋಂದಾಯಿಸಿಕೊಂಡು, ಬಿಲ್ ಸಲ್ಲಿಸಿ, ತಿಂಗಳುಗಟ್ಟಲೆ ಕಾಯಬೇಕಂತೆ! ವಿಭಾಗದ ಮುಖ್ಯಸ್ಥರ ಬೆನ್ನುಬಿದ್ದು, ಗೌರವಧನವನ್ನೂ ಪ್ರಯಾಣದ ಖರ್ಚನ್ನೂ ಕೋರ್ಸಿನ ವಾರ್ಷಿಕ ಬಜೆಟ್ಟಿಗೇ ಸೇರಿಸಿದೆ. ಪಾಠ ಮುಗಿದ ದಿನವೇ ಹಣ ಅವರ ಕೈಗೆ. ವಿಶ್ವವಿದ್ಯಾಲಯದ ಸಮಾರಂಭಗಳ ಆರಂಭದಲ್ಲಿ ಇದು ಯಾವ ಮೂಲನಿವಾಸಿಗಳ ನೆಲವೆಂದು ಓದಿ ಹೇಳುತ್ತಾರೆ. ಓದಲಿ. ಸಂಸ್ಥೆಯ ಮನಸ್ಸನ್ನು ತಿಳಿಯಲು ನಾನು ವೋಚರ್ ನೋಡುತ್ತೇನೆ.

ಸಂಶೋಧನೆ ಇನ್ನೂ ನಿಧಾನ. ತಮ್ಮ ಬಗೆಗಿನ ದತ್ತಾಂಶದ ಮೇಲೆ ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ತಮ್ಮದೇ ಎಂಬ ನಾಲ್ಕು ತತ್ವಗಳನ್ನು, ಕ್ರೀ ಜನರೂ ಸೇರಿದ ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಸಮುದಾಯಗಳು 1998ರಲ್ಲಿಯೇ ರೂಪಿಸಿವೆ. ಪ್ರಶ್ನಾವಳಿ ಬರೆಯುವ ಮೊದಲೇ ನಾವು ಅಧ್ಯಯನ ಮಾಡಬೇಕಿದ್ದ ಊರಿನ ಬ್ಯಾಂಡ್ ಕೌನ್ಸಿಲ್ (ಸಮುದಾಯದ ಆಡಳಿತ ಮಂಡಳಿ) ಜೊತೆ ಒಪ್ಪಂದ ಮಾಡಿಕೊಂಡೆವು: ಮೂಲ ದತ್ತಾಂಶ ಅವರ ಆರೋಗ್ಯ ಕಚೇರಿಯಲ್ಲಿರುತ್ತದೆ, ನಮ್ಮ ಬಳಿಯ ಪ್ರತಿಗೆ ಅವಧಿಯಿದೆ, ಅಚ್ಚಿಗೆ ಹೋಗುವ ಮುನ್ನ ಅವರು ಓದುತ್ತಾರೆ. ನಾನು ಮಧುಮೇಹದ ಬಗ್ಗೆ ಕೇಳಬೇಕೆಂದಿದ್ದೆ. ಕೌನ್ಸಿಲ್‌ಗೆ ಬೇಕಾಗಿದ್ದದ್ದು ಅಂಗಡಿಯಲ್ಲಿ ಹಾಲಿನ ಬೆಲೆ ಎಷ್ಟು, ಮೀನಿನಲ್ಲಿ ಪಾದರಸ ಎಷ್ಟು ಎಂಬುದು. ಅದನ್ನೇ ಮಾಡಿದೆವು.

ಹೀಗೆ ಕೆಲಸ ಮಾಡಿದರೆ ಪ್ರಬಂಧಗಳು ಕಡಿಮೆಯಾಗುತ್ತವೆ, ಬಡ್ತಿ ತಡವಾಗುತ್ತದೆ. ನನಗೆ ಕಾಯಂ ಹುದ್ದೆಯಿದೆ, ನಡೆಯುತ್ತದೆ. ಹೊಸದಾಗಿ ಸೇರಿದವರಿಗೆ ನಡೆಯುವುದಿಲ್ಲ. ಸಮುದಾಯದ ಜೊತೆ ಕಳೆದ ಕಾಲವನ್ನೂ ಸಂಶೋಧನೆಯೆಂದೇ ಎಣಿಸುವ ನಿಯಮಕ್ಕೆ ಕರಡು ಬರೆದು ಕೊಟ್ಟಿದ್ದೇನೆ. ಸದ್ಯ ಕಡತ ಸಮಿತಿಯ ಮುಂದಿದೆ.