ಒಲಿಂಪಿಕ್ಸ್ ಬಿಡ್‌ಗೆ ಕೈಹಾಕುವ ಮುನ್ನ: ಎಲ್ಲೆಲ್ಲಿ ಕೈಕೊಡುತ್ತದೆ?

ಒಲಿಂಪಿಕ್ಸ್ ಆತಿಥ್ಯ ಕೋರುವ ಎಷ್ಟೋ ಬಿಡ್‌ಗಳು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮತದಾನದ ದಿನ ಸೋಲುವುದಿಲ್ಲ, ಅದಕ್ಕೂ ಮುಂಚೆ ಊರಲ್ಲೇ ಸೋತಿರುತ್ತವೆ. 2022ರ ಚಳಿಗಾಲದ ಒಲಿಂಪಿಕ್ಸ್‌ಗೆ ಸ್ಟಾಕ್‌ಹೋಮ್, ಕ್ರಾಕೋವ್, ಲ್ವಿವ್, ಓಸ್ಲೊ ಒಂದರ ಹಿಂದೊಂದು ಕಣದಿಂದ ಸರಿದವು. ಕೊನೆಗೆ ಉಳಿದದ್ದು ಬೀಜಿಂಗ್ ಮತ್ತು ಅಲ್ಮಾಟಿ ಮಾತ್ರ. ಲಾಂಛನ, ಪ್ರಚಾರದ ವಿಡಿಯೊ ಎಲ್ಲ ಆಮೇಲೆ ಮಾಡಿಸಿದರಾಯಿತು.

ಮೊದಲು ಬೇಕಾದ್ದು ಖಾತರಿ ಪತ್ರ. ಲೆಕ್ಕ ಮೀರಿದರೆ ಕೊರತೆ ತುಂಬುವವರು ಯಾರು, ನಗರವೋ ರಾಜ್ಯವೋ ಕೇಂದ್ರವೋ, ಎಷ್ಟರ ಮಟ್ಟಿಗೆ ಎಂಬುದು ಬರಹದಲ್ಲಿ ಸಹಿಯಾಗಿ ಇರಬೇಕು. ‘ಸರ್ಕಾರದ ಬೆಂಬಲವಿದೆ’ ಎಂಬ ಹೇಳಿಕೆ ಕೆಲಸಕ್ಕೆ ಬಾರದು. 2012ರ ಫೆಬ್ರವರಿಯಲ್ಲಿ ಇಟಲಿಯ ಅಂದಿನ ಪ್ರಧಾನಿ ಮಾರಿಯೊ ಮೊಂಟಿ ಖಾತರಿ ಕೊಡಲು ಒಪ್ಪಲಿಲ್ಲ. ರೋಮ್‌ನ 2020ರ ಬಿಡ್ ಅಲ್ಲಿಗೇ ನಿಂತಿತು. ಬಾಸ್ಟನ್‌ನದೂ ಅದೇ ಕತೆ. 2015ರ ಜನವರಿಯಲ್ಲಿ 2024ರ ಒಲಿಂಪಿಕ್ಸ್‌ಗೆ ಅಮೆರಿಕದ ಅಭ್ಯರ್ಥಿಯಾದ ನಗರ ಜುಲೈನಲ್ಲಿ ಹೊರಬಿತ್ತು. ತೆರಿಗೆದಾರರ ಮೇಲೆ ಹೊರೆ ಹಾಕುವ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದು ಮೇಯರ್ ಮಾರ್ಟಿ ವಾಲ್ಶ್ ಹೇಳಿದ ದಿನವೇ ಬಿಡ್ ಮುಗಿಯಿತು.

ಬಜೆಟ್ಟನ್ನು ಎರಡು ಪಟ್ಟಿಗಳಾಗಿ ಬರೆಯಿರಿ. ಆಟ ನಡೆಸುವ ಖರ್ಚು ಒಂದು. ಅದಕ್ಕೆ ಟಿಕೆಟ್, ಪ್ರಾಯೋಜಕರು, ಪ್ರಸಾರದ ಪಾಲು ಆದಾಯ. ಕ್ರೀಡಾಂಗಣ, ಕ್ರೀಡಾಗ್ರಾಮ, ರೈಲು, ಭದ್ರತೆಯದು ಇನ್ನೊಂದು. ಅದು ಬಹುಮಟ್ಟಿಗೆ ಸಾರ್ವಜನಿಕರ ಹಣ. ಬಿಡ್ ತಂಡ ಮೊದಲನೆಯದನ್ನು ತೋರಿಸುತ್ತದೆ, ವಿರೋಧಿಗಳು ಎರಡನೆಯದನ್ನು ಹಿಡಿದು ಕೇಳುತ್ತಾರೆ. ಎರಡನ್ನೂ ನೀವೇ ಮೊದಲು ಪ್ರಕಟಿಸುವುದು ಲೇಸು. ದರಗಳು ಇಂದಿನವಾಗಿರದೆ ಆಟ ನಡೆಯುವ ವರ್ಷದವಾಗಿರಲಿ. ಕ್ರೀಡಾಕೂಟವನ್ನು ಹಲವು ಊರುಗಳಿಗೆ ಹಂಚಿದರೆ ಅಗ್ಗವಾಗುತ್ತದೆ ಎಂಬ ಲೆಕ್ಕವನ್ನಂತೂ ಎರಡು ಸಲ ನೋಡಿ: 2026ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದಾಜಿಸಿತ್ತು. ಖರ್ಚು 600 ಕೋಟಿ ದಾಟುತ್ತದೆಂದು ಹೇಳಿ 2023ರ ಜುಲೈನಲ್ಲಿ ಕೈಬಿಟ್ಟಿತು. ಆತಿಥ್ಯ ಕೈಗೆ ಸಿಕ್ಕ ಮೇಲೆ ಹೀಗಾಯಿತು.

ಜನಮತಗಣನೆ ಕೇಳಿದರೆ ಹೆದರಬೇಡಿ. ಎಡವಟ್ಟಾಗುವುದು ಅದರ ಸಮಯದಲ್ಲಿ. 2015ರ ನವೆಂಬರ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ಮತ ಹಾಕುವಾಗ ಕೇಂದ್ರ ಸರ್ಕಾರ ಎಷ್ಟು ಕೊಡುತ್ತದೆ ಎಂಬುದೇ ತೀರ್ಮಾನವಾಗಿರಲಿಲ್ಲ, ಶೇ 51.6 ಮಂದಿ ಬೇಡವೆಂದರು. ಕೆನಡಾದ ಕ್ಯಾಲ್ಗರಿಯಲ್ಲಿ ಖರ್ಚು ಹಂಚಿಕೆಯ ಒಪ್ಪಂದ ಹೊರಬಂದದ್ದು 2018ರ ನವೆಂಬರ್ ಮತದಾನಕ್ಕೆ ಎರಡು ವಾರ ಮುಂಚೆ. ಶೇ 56ರಷ್ಟು ಮಂದಿ ವಿರೋಧಿಸಿದರು. ಯಾರೆಷ್ಟು ಕೊಡುತ್ತಾರೆ ಎಂದು ಗೊತ್ತಿಲ್ಲದವನು ‘ಬೇಡ’ ಎನ್ನುವುದು ಸಹಜ. ಖಾತರಿ ಪತ್ರ ಮೊದಲು, ಮತ ಆಮೇಲೆ. ಈ ಕ್ರಮ ತಲೆಕೆಳಗಾಗಬಾರದು.

ಪ್ರತಿ ಕ್ರೀಡಾಂಗಣದ ಎದುರಿಗೂ ಆಟದ ನಂತರ ಅದನ್ನು ಬಳಸುವವರ ಹೆಸರಿರಲಿ. ಹೆಸರು ಸಿಗದಿದ್ದರೆ ತಾತ್ಕಾಲಿಕವಾಗಿ ಕಟ್ಟಿ.

ಇಷ್ಟೆಲ್ಲ ದಾಟಿ ಬಹುಸುತ್ತಿನ ಮತದಾನಕ್ಕೆ ಹೋದರೆ, ಎಣಿಸಬೇಕಾದ್ದು ಮೊದಲ ಸುತ್ತಿನ ಮತಗಳನ್ನಷ್ಟೇ ಅಲ್ಲ. ಪ್ರತಿ ಸುತ್ತಿನಲ್ಲೂ ಕನಿಷ್ಠ ಮತ ಪಡೆದ ನಗರ ಹೊರಹೋಗುತ್ತದೆ, ಅದರ ಬೆಂಬಲಿಗರು ಬೇರೆಡೆ ಹೋಗುತ್ತಾರೆ. 2009ರ ಅಕ್ಟೋಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ 2016ರ ಆತಿಥ್ಯಕ್ಕೆ ಮ್ಯಾಡ್ರಿಡ್ 28, ರಿಯೊ 26, ಟೋಕಿಯೊ 22, ಷಿಕಾಗೊ 18 ಮತ ಪಡೆದವು. ಷಿಕಾಗೊ ಮೊದಲೇ ಹೊರಬಿತ್ತು. ಅಂತಿಮ ಸುತ್ತಿನಲ್ಲಿ ರಿಯೊ 66ಕ್ಕೆ ಏರಿದರೆ ಮ್ಯಾಡ್ರಿಡ್ 32ರಲ್ಲೇ ನಿಂತಿತು. ಮೊದಲ ಆಯ್ಕೆಯ ಮತಗಳಿದ್ದವು, ಎರಡನೇ ಆಯ್ಕೆಯವು ಬರಲಿಲ್ಲ. ಹಾಗಾಗಿ ಮತ ಹಾಕುವ ಸಮಿತಿಯ ಪ್ರತಿ ಸದಸ್ಯರ ಹೆಸರಿನ ಮುಂದೆ ‘ನಾವಿಲ್ಲದಿದ್ದರೆ ಯಾರು, ಅವರು ಸೋತರೆ ನಾವೇ?’ ಎಂದು ಬರೆದಿಡಿ.

ಒಲಿಂಪಿಕ್ಸ್‌ನಲ್ಲಿ ಹೀಗೆ ಹಲವು ನಗರಗಳು ಸೆಣಸುವ ಮತದಾನವೂ ಬಹುಪಾಲು ಇಲ್ಲವಾಯಿತು. 2019ರ ಬದಲಾವಣೆಯ ನಂತರ ಸಮಿತಿ ತನಗೆ ಒಪ್ಪಿದ ನಗರದೊಂದಿಗೆ ಮುಂಚಿತವಾಗಿಯೇ ಮಾತುಕತೆ ನಡೆಸತೊಡಗಿತು. 2021ರ ಜುಲೈನಲ್ಲಿ ಬ್ರಿಸ್ಬೇನ್ ಒಂದೇ ಅಭ್ಯರ್ಥಿಯಾಗಿ ನಿಂತು 72–5ರಿಂದ 2032ರ ಆತಿಥ್ಯ ಪಡೆಯಿತು. ಖಾತರಿ ಪತ್ರ, ಎರಡು ಪಟ್ಟಿ, ಜನರ ಒಪ್ಪಿಗೆ ಇವೆಲ್ಲ ಆ ಮೊದಲ ಮಾತುಕತೆಗೆ ಹೋಗುವಾಗಲೇ ಕೈಯಲ್ಲಿರಬೇಕು.